ಇಂಗ್ಲಿಷ್ ಅಜ್ಜಿಗೆ ಸಿಕ್ಕ ಬಿರುದು

ನಾನು ದೋಸೆಗೆ ಅಕ್ಕಿ ತೊಳೆಯುತ್ತಿದ್ದೆ. ಎರಡನೇ ಕ್ಲಾಸಿನ ಮಗಳು ಮೆಟ್ಟಿಲು ಹತ್ತಿ ಓಡಿಬಂದು, "ಅಮ್ಮಾ, ಕೆಳಗಿನ ಮನೆ ಇಂಗ್ಲಿಷ್ ಅಜ್ಜೀನ ಇನ್ಸೆಲ್‌ಆಫೆ ಅಂತ ಕರ್ದು, ಕಾಲು ಮುಟ್ಟಿ ನಮಸ್ಕಾರ ಮಾಡ್ದೆ! ಇಂಗ್ಲೆಂಡಿನವ್ರಿಗೆ ಹಂಗೇ ಅಂತಾರಂತೆ, ಸ್ಕೂಲಲ್ಲಿ ಹುಡುಗ್ರು ಹೇಳಿದ್ರು" ಎಂದಳು.

ಜರ್ಮನ್ ಭಾಷೆಯಲ್ಲಿ ದ್ವೀಪದ ಕೋತಿ ಎಂದು ಅದರ ಅರ್ಥವಂತೆ. ದಿನಾ ಆಂಜನೇಯನ ಕಥೆ ಕೇಳಿ ಮಲಗುವ ಮಗು, ಸಮುದ್ರ ದಾಟಿ ಬಂದವರಿಗೆ ಇದಕ್ಕಿಂತ ದೊಡ್ಡ ಬಿರುದಿಲ್ಲ ಎಂದುಕೊಂಡಿತ್ತು. ನನಗೂ ತಪ್ಪೆನಿಸಲಿಲ್ಲ. ಫೋನಿನಲ್ಲಿ ಹೇಳಿದಾಗ ಯಜಮಾನರೇ ಗಾಬರಿಯಾದರು. "ಅಯ್ಯೋ, ಬ್ರಿಟಿಷರನ್ನ ಆಡ್ಕೊಳ್ಳೋ ಮಾತು ಕಣೇ ಅದು! ಮೊದ್ಲು ಹೋಗಿ ಸಾರಿ ಕೇಳು."

ಜರ್ಮನಿಯವರು ಆಗ ಕಂಪ್ಯೂಟರ್ ಕೆಲಸದವರಿಗೆ ಕೊಡುತ್ತಿದ್ದ ಗ್ರೀನ್ ಕಾರ್ಡ್ ಯಜಮಾನರಿಗೆ ಸಿಕ್ಕಿ ನಾವು ಡಾರ್ಮ್‌ಸ್ಟಾಟ್‌ಗೆ ಬಂದು ವರ್ಷವಾಗಿತ್ತು. ಮಗಳಿಗೆ ಜರ್ಮನ್ ನೀರು ಕುಡಿದಂತೆ, ನನಗೆ ನಾಲಿಗೆಯೇ ಹೊರಳದು. ನನ್ನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ ಮಾತಾಡಲು ಆ ಅಜ್ಜಿಯೊಬ್ಬರೇ ದಿಕ್ಕು. ಅವರು ಮುನಿಸಿಕೊಂಡರೆ ಏನು ಗತಿ ಎಂದು ರಾಯರನ್ನು ನೆನೆಯುತ್ತ ಕೆಳಗಿಳಿದೆ.

ಅಜ್ಜಿ ನನ್ನ ಮುಖ ನೋಡಿಯೇ ನಕ್ಕುಬಿಟ್ಟರು. "ನನ್ನ ಗಂಡ ಜರ್ಮನ್ ಅಲ್ವಾ? ಇದೇ ಮಾತಲ್ಲಿ ದಿನಾ ರೇಗಿಸ್ತಿದ್ರು. ಅವ್ರು ಹೋದ್ಮೇಲೆ ಯಾರೂ ಕರೆದೇ ಇರ್ಲಿಲ್ಲ. ಆದ್ರೆ ಆ ಮನುಷ್ಯ ಒಂದಿನಾನೂ ನನ್ನ ಕಾಲು ಮುಟ್ಟಿರ್ಲಿಲ್ಲ, ತಿಳ್ಕೋ!" ಎಂದರು ತಮ್ಮ ಇಂಗ್ಲಿಷಿನಲ್ಲಿ.

ಗುರುವಾರ ಕಣ್ಣಿನ ಡಾಕ್ಟರ ಹತ್ತಿರ ಹೋಗುವುದನ್ನೂ ಅವರೇ ನೆನಪಿಸಿದರು. ದೇವರು ದೊಡ್ಡವನು. ಮೇಲೆ ಬಂದು ಉದ್ದಿನಬೇಳೆ ನೆನೆಹಾಕಿದೆ.