ಅಕ್ಕ ಪಿನ್ ಹೊಡೆದ ಪುಟ

"ಹೆಣೆ, ಮಗಿಗೆ ಎಂತ ಪುಸ್ತಕ ಕೊಟ್ಟದ್ ಮಾರಾಯ್ತಿ ನೀನ್?"

ನಾನಿನ್ನೂ ಹಲ್ಲುಜ್ಜಿರಲಿಲ್ಲ. ತೆಕ್ಕಟ್ಟೆಯಿಂದ ಅಕ್ಕನ ಫೋನ್. ಮಗು ಎಂದರೆ ಅವಳ ಮಗಳು, ಒಂಬತ್ತನೇ ಕ್ಲಾಸಿನ ಸಿಂಚನ. (ನನಗಿಂತ ಎತ್ತರದ ಮಗು.) ಹುಟ್ಟುಹಬ್ಬಕ್ಕೆ ಅವಳಿಗೊಂದು ಕಾದಂಬರಿ ಕೊಟ್ಟಿದ್ದೆ. ಹದಿಹರೆಯದವರಿಗೆಂದೇ ಬರೆದದ್ದು. ಅಂಗಡಿಯಲ್ಲಿ 'ಯಂಗ್ ಅಡಲ್ಟ್' ಎನ್ನುತ್ತಾರೆ.

"ಎಂತ ಆಯ್ತ್ ಅಕ್ಕ?"

"ಎಂತ ಆಯ್ತಾ? ಬಿಡ್ಸಿರೆ ಅದೇ ಪುಟ! ಮುತ್ತ್ ಕೊಡೂದ್!"

ಪುಸ್ತಕವೊಂದು ತಾನಾಗಿ ಒಂದೇ ಪುಟಕ್ಕೆ ತೆರೆದುಕೊಂಡರೆ ಏನರ್ಥ? ಆ ಪುಟವನ್ನು ಯಾರೋ ಬಹಳ ಸಲ ಓದಿದ್ದಾರೆ. ಇದನ್ನು ಅಕ್ಕನಿಗೆ ಹೇಳುವಷ್ಟು ದಡ್ಡಿ ನಾನಲ್ಲ.

ಹಾಗೆ ನೋಡಿದರೆ ಆ ಮುತ್ತೇ ಪುಸ್ತಕದ ಅತಿ ಸೌಮ್ಯ ಭಾಗ. ಅದರಲ್ಲಿ ಕುಡುಕ ಅಪ್ಪನಿದ್ದಾನೆ. ಸಾಯಲು ಹೊರಟು ಬದುಕುಳಿದ ಗೆಳತಿಯಿದ್ದಾಳೆ. ಆ ಗೆಳತಿಯ ಗುಟ್ಟನ್ನು ಒಬ್ಬಳೇ ಹೊತ್ತು ತಿರುಗುವ ಹುಡುಗಿಯಿದ್ದಾಳೆ.

"ಫಸ್ಟ್ ನಾನ್ ಓದ್ತೆ. ಸಮ ಇದ್ರೆ ಕೊಡ್ತೆ."

ಪುಸ್ತಕ ಜಪ್ತಿಯಾಯಿತು. ಸಂಜೆ ಸಿಂಚನಳ ವಾಯ್ಸ್ ಮೆಸೇಜು: "ಚಿಕ್ಕೀ, ಅರ್ಧ ಆಯ್ದಷ್ಟೆ! ಆ ಹೆಣ್ಣ್ ಗುಟ್ಟನ್ನ ಅಮ್ಮಂಗೆ ಹೇಳ್ತ್ಲಾ ಇಲ್ಯಾ?"

ಓದಿಯೇ ತಿಳಿದುಕೋ ಎಂದೆ.

ಎರಡು ದಿನ ಬಿಟ್ಟು ಮತ್ತೆ ಅಕ್ಕ. "ಒಲೆ ಮೇಲ್ ಬಂಗ್ಡಿ ಮೀನ್ ಕರಟಿ ಹೋಯ್ತ್ ಮಾರಾಯ್ತಿ, ಆಸ್ಪತ್ರೆ ಭಾಗ ಓದ್ತಾ ಇದ್ದಿದ್ದೆ. ಆ ಹೆಣ್ಣಿಗೆ ಎಂತ ಧಾಡಿ? ಅಮ್ಮಂಗೆ ಹೇಳ್ತ್ಲಾ ಇಲ್ಯಾ?"

ಇಬ್ಬರದೂ ಒಂದೇ ಪ್ರಶ್ನೆ! ಫೋನಿಟ್ಟು ಅಡುಗೆಮನೆಯಲ್ಲಿ ಒಂದು ಸುತ್ತು ಕುಣಿದೆ. (ಯಾರೂ ನೋಡಲಿಲ್ಲ. ನೋಡುವವರಿದ್ದರೆ ಕುಣಿಯುತ್ತಿರಲಿಲ್ಲ.)

ಭಾನುವಾರ ಸಿಂಚನಳಿಗೆ ಪುಸ್ತಕ ವಾಪಸ್ ಸಿಕ್ಕಿತು, ಸಂಜೆ ಅವಳದೇ ಫೋನ್. ಅಕ್ಕ ಸೊಸೈಟಿಯಲ್ಲಿ ಕ್ಲಾರ್ಕ್, ಸ್ಟೇಪ್ಲರ್ ಸದಾ ಕೈಯಲ್ಲಿ.

"ಚಿಕ್ಕೀ, ಅಮ್ಮ ಪಿನ್ ಹೊಡ್ದಿದ್ಲ್!"

"ಮುತ್ತಿಗಾ?"

"ಅಲ್ಲ! ಅದ್ ಹಾಂಗೇ ಇತ್ತ್!"

ಕುಡುಕ ಅಪ್ಪನಿಗೂ ಪಿನ್ನಿಲ್ಲ. ಆಸ್ಪತ್ರೆಗೂ ಇಲ್ಲ. ಇಡೀ ಪುಸ್ತಕದಲ್ಲಿ ಅಕ್ಕ ಸೇರಿಸಿ ಪಿನ್ ಹೊಡೆದದ್ದು ಒಂದೇ ಜೋಡಿ ಹಾಳೆಗೆ. ಅಮ್ಮನಿಗೆ ಏನು ಹೇಳಿದರೂ ಮೊದಲು ಬೈಗುಳ, ಹಾಗಾಗಿ ಹೇಳುವುದನ್ನೇ ಬಿಟ್ಟೆ ಎಂದು ಕಾದಂಬರಿಯ ಹುಡುಗಿ ಗೆಳತಿಯ ಹತ್ತಿರ ಅಳುವ ಪುಟ ಅದು.

"ಪಿನ್ ತೆಗ್ದ್ಯಾ?"

"ಫಸ್ಟ್ ಅದ್ನೇ ಓದಿದ್ದ್!"

(ಪುಟವೊಂದನ್ನು ಓದಿಸಬೇಕೆಂದರೆ ಇದಕ್ಕಿಂತ ಒಳ್ಳೆಯ ಜಾಹೀರಾತು ಬೇಕೆ?)

ಓದಿದವಳು ಸೀದಾ ಅಮ್ಮನ ಮುಂದೆ ನಿಂತಳಂತೆ. "ನಾನ್ ಎಂತಾರೂ ಹೇಳಿರೆ ಬೈತ್ಯಾ?"

ಅಕ್ಕ ಗ್ಯಾಸ್ ಆಫ್ ಮಾಡಿದಳಂತೆ. "ಮೊದ್ಲ್ ಹೇಳ್. ಬೈಯ್ಕಾ ಬ್ಯಾಡ್ದಾ ಆಮೇಲ್ ಕಾಂಬ."

ಸಿಂಚನ ಏನು ಹೇಳಿದಳು? ನನಗೆ ಗೊತ್ತಿಲ್ಲ, ಕೇಳಲೂ ಇಲ್ಲ. ಅಂದು ಇಬ್ಬರೂ ಊಟಕ್ಕೆ ಕೂತಾಗ ಗಂಟೆ ಮೂರಾಗಿತ್ತು ಎಂದಷ್ಟೇ ಗೊತ್ತು.

ಇಂಥ ಪುಸ್ತಕಗಳ ಬೆನ್ನಿಗೆ 'ಹದಿನಾಲ್ಕು ದಾಟಿದವರಿಗೆ' ಎಂದು ಅಚ್ಚು ಹಾಕುತ್ತಾರಲ್ಲ, ನಲವತ್ತು ದಾಟಿದವರೂ ಅದರಲ್ಲಿ ಸೇರುತ್ತಾರೆಂದು ನಮಗೇಕೆ ಹೊಳೆಯುವುದಿಲ್ಲ?