ಬರ್ನಿ ಕೋವಾಚಳ ಏಳನೇ ಮಹಡಿ

ಅಮೆರಿಕದ ಕ್ಲೀವ್‌ಲ್ಯಾಂಡಿನ ಯೂಕ್ಲಿಡ್ ಅವೆನ್ಯೂದ ಹಳೇ ಬ್ಯಾಂಕ್ ಕಟ್ಟಡದಲ್ಲಿ ಬರ್ನಡೀನ್ ಕೋವಾಚಳನ್ನು ಎಲ್ಲರೂ ಕರೆಯುತ್ತಿದ್ದದ್ದು ಬರ್ನಿ ಎಂದೇ. ಅರ್ಧ ಆಯುಷ್ಯವನ್ನು ವಿಮಾ ಕಂಪನಿಯೊಂದರ ಟೆಲಿಫೋನ್ ಮುಂದೆ ಕಳೆದಿದ್ದಳು. ಆ ಕಂಪನಿ ಬಾಗಿಲು ಹಾಕಿದಾಗ, ಕಟ್ಟಡದ ಏಳನೇ ಮಹಡಿಯನ್ನು ಹಿಡಿದಿದ್ದ ಹೊಸ ಕಂಪನಿಯ ಸ್ವಾಗತದ ಮೇಜಿನಲ್ಲಿ ಕೆಲಸ ಸಿಕ್ಕಿತು. ಐವತ್ತು ದಾಟಿದ ವಿಧವೆಯನ್ನು ಯಾರಾದರೂ ಕರೆದು ಕೆಲಸ ಕೊಟ್ಟರಲ್ಲ ಎಂದು ಅವಳು ಹಿರಿಹಿರಿ ಹಿಗ್ಗಿದ್ದಳು.

ಹೊಸ ಕಂಪನಿಯ ವ್ಯಾಪಾರ ಸರಳವಾಗಿತ್ತು. ಮಹಡಿಯನ್ನು ಮಾಲೀಕರಿಂದ ಹತ್ತಾರು ವರ್ಷಕ್ಕೆ ಗುತ್ತಿಗೆ ಹಿಡಿಯುವುದು, ಗಾಜಿನ ಗೋಡೆ ಹಾಕಿ ಪುಟ್ಟ ಕೋಣೆಗಳನ್ನಾಗಿ ಸೀಳುವುದು, ತಿಂಗಳ ಲೆಕ್ಕದಲ್ಲಿ ಬಾಡಿಗೆಗೆ ಕೊಡುವುದು. ಮೊದಲ ದಿನವೇ ಮೇಲಧಿಕಾರಿ ಕೆಂಡ್ರಾ ಬರ್ನಿಗೆ ಗುಟ್ಟು ಹೇಳಿದ್ದಳು: "ನಾವು ಮಾರೋದು ಮೇಜು ಕುರ್ಚಿ ಅಲ್ಲ ಬರ್ನಿ. ಪಕ್ಕದ ಕೋಣೇಲಿ ಇನ್ನೊಬ್ರು ಇದಾರೆ ಅನ್ನೋ ಧೈರ್ಯ. ಅದನ್ನ ನೋಡ್ಕೊಳ್ಳೋದು ನಿನ್ನ ಕೆಲಸ."

ಬರ್ನಿ ಅದನ್ನು ಮನಸಾರೆ ನೋಡಿಕೊಂಡಳು. ಯಾರ ಮಗುವಿಗೆ ಜ್ವರ, ಯಾರ ಗಿರಾಕಿ ಕೈಕೊಟ್ಟ ಎಂಬುದೆಲ್ಲ ಅವಳಿಗೆ ಗೊತ್ತಿರುತ್ತಿತ್ತು. ಶುಕ್ರವಾರ ಮನೆಯಿಂದ ಗಸಗಸೆ ಹೂರಣದ ಹಂಗೇರಿಯನ್ ರೊಟ್ಟಿ ಸುತ್ತಿಕೊಂಡು ತರುತ್ತಿದ್ದಳು. ಅದಕ್ಕೆ ಮೊದಲು ಕೈ ಹಾಕುತ್ತಿದ್ದವನು ಮೂಲೆಯ ಕೋಣೆಯ ಆರ್ವಿಲ್ ಗೇನ್ಸ್. ಹಿಂದೆ ಸೇನೆಯಲ್ಲಿ ಲಾರಿ ರಿಪೇರಿ ಮಾಡುತ್ತಿದ್ದ ಕಪ್ಪು ಜನಾಂಗದ ಹಿರಿಯ. ಈಗ ಮುದಿ ಸೈನಿಕರಿಗೆ ಅಂಗವಿಕಲ ಪಿಂಚಣಿಯ ಅರ್ಜಿ ಬರೆದುಕೊಡುತ್ತಿದ್ದ. ಬರ್ನಿಯನ್ನು ಮಹಡಿಯ ಮೇಯರ್ ಎಂದು ರೇಗಿಸುತ್ತಿದ್ದ.

"ಮೇಯರಮ್ಮಾ, ಇವತ್ತು ರೊಟ್ಟಿ ಸ್ವಲ್ಪ ಸೀದಿದೆಯಲ್ಲ?"

"ಸೀದಿದ್ರೆ ಕೆಳಗಿಡಿ, ಮಿಸ್ಟರ್ ಗೇನ್ಸ್."

"ಇಡೋದ್ಯಾಕೆ? ಸೈನ್ಯದ ಊಟ ಉಂಡವನು ನಾನು. ಇದು ಮದುವೆ ಊಟ."

ಎರಡು ವರ್ಷ ಹೀಗೇ ಹೋಯಿತು. ಆಮೇಲೆ ಕಾಲ ಕೆಟ್ಟಿತು. ಬಿಡಿ ಬಾಡಿಗೆದಾರರು ವ್ಯಾಪಾರ ಬಿದ್ದ ಕೂಡಲೇ ಖಾಲಿ ಮಾಡಿ ಹೋಗುತ್ತಿದ್ದರು, ಆದರೆ ಕಟ್ಟಡದ ಮಾಲೀಕರಿಗೆ ಕೊಡಬೇಕಾದದ್ದು ನಿಲ್ಲುತ್ತಿರಲಿಲ್ಲ. ಕಂಪನಿ ದಾರಿ ಬದಲಿಸಿತು. ಇನ್ನು ಮೇಲೆ ಇಡೀ ಮಹಡಿಯನ್ನು ಒಂದೇ ದೊಡ್ಡ ಸಂಸ್ಥೆಗೆ ಕೊಡುವುದೆಂದು ತೀರ್ಮಾನವಾಯಿತು.

ಔಷಧಿ ಸಾಗಿಸುವ ಸಂಸ್ಥೆಯೊಂದರ ದೊಡ್ಡವರು ಜಾಗ ನೋಡಲು ಬರುವ ದಿನ ಮಹಡಿ ತುಂಬಿ ತುಳುಕಬೇಕೆಂದು ಕೆಂಡ್ರಾ ಹೇಳಿ ಕಳಿಸಿದಳು. ಅಂದು ಮನೆಯಲ್ಲೇ ಉಳಿದಿದ್ದ ಬಾಡಿಗೆದಾರರನ್ನೂ ಬರ್ನಿ ಫೋನ್ ಮಾಡಿ ಕರೆಸಿದಳು. ಗೇನ್ಸ್ ಟೈ ಕಟ್ಟಿಕೊಂಡು ಬಂದ. ಬಂದವರ ಜೊತೆ ಕಾಫಿ ಕುಡಿಯುತ್ತಾ ನಗೆಚಟಾಕಿ ಹಾರಿಸಿದ. ಅವರು ಹೊರಡುವಾಗ ಅವನ ಬೆನ್ನು ತಟ್ಟಿದರು. ಮುಂದಿನ ವಾರ ಒಪ್ಪಂದವಾಯಿತು. ಈಗಿದ್ದ ಬಾಡಿಗೆದಾರರೆಲ್ಲ ಕ್ರಿಸ್‌ಮಸ್‌ಗೆ ಮೊದಲು ಜಾಗ ಬಿಡಬೇಕಿತ್ತು.

"ಅವರನ್ನ ಕರೆಸಿದ್ದು ನಾನು, ಕೆಂಡ್ರಾ. ಈಗ ಹೊರಗೆ ಹೋಗಿ ಅಂತ ನಾನೇ ಹೇಳಬೇಕಾ?"

"ಬೇಕಾದಾಗ ಬರಬಹುದು, ಬೇಡವಾದಾಗ ಬಿಡಬಹುದು ಅಂತ ಖುಷಿಯಾಗೇ ಸಹಿ ಹಾಕಿದ್ರಲ್ಲ? ಆ ಸಡಿಲಿಕೆ ನಮಗೂ ಇರುತ್ತೆ. ನಗ್ತಾ ಹೇಳು. ನಿನ್ನ ಕೆಲಸಕ್ಕೇನೂ ತೊಂದರೆಯಿಲ್ಲ."

ಆ ಕೊನೆಯ ಮಾತಿಗೆ ಬರ್ನಿ ಮಣಿದಳು. ಕೋಣೆ ಕೋಣೆಗೆ ಹೋಗಿ ಹೇಳಿದಳು. ಒಬ್ಬಳು ಅತ್ತಳು, ಒಬ್ಬ ಬಾಯಿಗೆ ಬಂದಂತೆ ಬೈದ. ಗೇನ್ಸ್ ಮಾತ್ರ ಅವಳಿಗೆ ಕೂರಲು ಕುರ್ಚಿ ಎಳೆದುಕೊಟ್ಟ.

"ಊರಾಚೆ ನಮ್ಮದೇ ಇನ್ನೊಂದು ಶಾಖೆ ಇದೆ," ಎಂದಳು ಬರ್ನಿ.

"ನನ್ನ ಮುದುಕರು ಬಸ್ಸಲ್ಲಿ ಬರೋರು, ಬರ್ನಿ. ಒಬ್ಬನಿಗೆ ಒಂದು ಕಾಲಿಲ್ಲ. ಅಲ್ಲಿಗೆ ಬಸ್ಸೇ ಇಲ್ಲ."

"ಈ ಕಟ್ಟಡದಲ್ಲೇ ಎಲ್ಲಾದ್ರೂ ಒಂದು ಮೂಲೆ ಕೇಳ್ತೀನಿ. ಏನಾದ್ರೂ ಮಾಡೋಣ."

ಕೇಳಲು ಹೋದರೆ ಕೆಂಡ್ರಾ ತನ್ನ ಕೆಲಸಕ್ಕೂ ಕತ್ತರಿ ಹಾಕಿಯಾಳು ಎಂಬ ಅಂಜಿಕೆ. ಇವತ್ತು ನಾಳೆ ಎಂದು ದಿನ ದೂಡಿದಳು. ಗೇನ್ಸ್ ಖಾಲಿ ಮಾಡಿದ ಸಂಜೆಯೇ ಅವನ ಬಾಗಿಲು ತೆರೆಯುವ ಕಾರ್ಡನ್ನು ರದ್ದು ಮಾಡಿದಳು.

ಜನವರಿಯಲ್ಲಿ ಊರಂಚಿನ ದೊಡ್ಡ ಸರೋವರದ ಕಡೆಯಿಂದ ಕೊರೆಯುವ ಗಾಳಿ ಬೀಸುತ್ತಿದ್ದ ಒಂದು ಮಧ್ಯಾಹ್ನ, ಕಾರು ನಿಲ್ಲಿಸುವ ನೆಲಮಾಳಿಗೆಯ ಕಾವಲುಗಾರ ಓಡುತ್ತಾ ಮೇಲೆ ಬಂದ. "ಬರ್ನಿ, ನಿಮ್ಮ ಗೇನ್ಸ್ ಕೆಳಗೆ ಕಾರಲ್ಲಿ... ಕರೆದ್ರೆ ಏಳ್ತಾ ಇಲ್ಲ."

ಗೇನ್ಸ್ ಜಾಗ ಬಿಟ್ಟಿದ್ದ, ಕಟ್ಟಡ ಬಿಟ್ಟಿರಲಿಲ್ಲ. ಮುದುಕರಿಗೆ ಗೊತ್ತಿದ್ದ ವಿಳಾಸ ಅದೊಂದೇ. ದಿನಾ ಕಾರಿನ ಹಿಂದಿನ ಸೀಟಿನಲ್ಲಿ ಅವರನ್ನು ಕೂರಿಸಿಕೊಂಡು, ತೊಡೆಯ ಮೇಲೆ ಹಲಗೆ ಇಟ್ಟು ಬರೆಯುತ್ತಿದ್ದನಂತೆ. ಪೆಟ್ರೋಲ್ ಉಳಿಸಲು ಎಂಜಿನ್ ಹಾಕುತ್ತಿರಲಿಲ್ಲ. ಬರ್ನಿ ಇಳಿದು ಹೋದಾಗ ಅವನ ಮೇಲೆ ಯಾರೋ ಕೋಟು ಹೊದಿಸಿದ್ದರು. ಹೃದಯ ನಿಂತುಹೋಗಿತ್ತು. ಕೈ ಮುಟ್ಟಿದಳು, ಬಾಗಿಲಿನ ಕಬ್ಬಿಣಕ್ಕಿಂತ ತಣ್ಣಗಿತ್ತು.

ಚರ್ಚಿನಲ್ಲಿ ಅವನ ಹೆಂಡತಿ ಲೂಸಿಲ್ ಬರ್ನಿಯ ಎರಡೂ ಕೈ ಹಿಡಿದುಕೊಂಡಳು. "ನೀನೇನಾ ಬರ್ನಿ? ಚಳಿ ಕಳೆಯೋದ್ರೊಳಗೆ ಬರ್ನಿ ಒಂದು ಕೋಣೆ ಕೊಡಿಸ್ತಾಳೆ ಅಂತ ದಿನಾ ಹೇಳೋರು. ನೀನು ಎಷ್ಟು ಓಡಾಡಿದೆಯೋ ಏನೋ ತಾಯಿ."

ಬರ್ನಿ ತಲೆ ತಗ್ಗಿಸಿದಳು. ತಾನು ಯಾರನ್ನೂ ಕೇಳಿರಲೇ ಇಲ್ಲ ಎಂಬುದನ್ನು ಬಚ್ಚಿಟ್ಟಳು. ಹಿಂದಿನವರು ಸಾಲಿನಲ್ಲಿ ಕಾಯುತ್ತಿದ್ದರು, ಸರಿದು ಹೊರಗೆ ನಡೆದಳು.

ಸುದ್ದಿ ತಿಳಿಯದ ಮುದುಕರು ನೆಲಮಾಳಿಗೆಯಲ್ಲಿ ಕಾರು ಕಾಣದೆ ಏಳನೇ ಮಹಡಿಗೆ ಬರತೊಡಗಿದರು. ಬರ್ನಿ ಕುರ್ಚಿ ಹಾಕಿ, ಕಾಫಿ ಕೊಟ್ಟು, ಒಬ್ಬೊಬ್ಬರಿಗೂ ಸಾವಿನ ಸುದ್ದಿ ಹೇಳಿದಳು. ಕೊಳಕು ಕೋಟಿನವರು ಬಾಗಿಲಲ್ಲಿ ಕೂತಿರುತ್ತಾರೆಂದು ಔಷಧಿ ಸಂಸ್ಥೆಯವರು ದೂರು ಕೊಟ್ಟರು. ಕೆಂಡ್ರಾ ಫೋನ್ ಮಾಡಿದಳು.

"ಅವರನ್ನ ಒಳಗೆ ಬಿಡಬೇಡ."

"ಚಳಿ ಇದೆ ಕೆಂಡ್ರಾ. ಐದು ನಿಮಿಷ ಕೂತು ಹೋಗ್ತಾರೆ."

"ನಾನು ಎರಡನೇ ಸಲ ಹೇಳೋದಿಲ್ಲ."

"ಹೇಳ್ಬೇಡ. ನಾನು ಬಿಡೋಳೇ."

ಆ ವಾರವೇ ಅವಳನ್ನು ತೆಗೆದುಹಾಕಿದರು. ಔಷಧಿ ಸಂಸ್ಥೆಯೂ ಬಹಳ ಕಾಲ ನಿಲ್ಲಲಿಲ್ಲ. ಬೇಡವಾದಾಗ ಬಿಡಬಹುದೆಂಬ ಅದೇ ಸಡಿಲಿಕೆಯನ್ನು ಹಿಡಿದು ಎದ್ದುಹೋಯಿತು. ಕಂಪನಿ ಬೀಗದ ಕೈಯನ್ನು ಮಾಲೀಕರ ಮುಂದೆ ಎಸೆದು ಊರನ್ನೇ ಬಿಟ್ಟಿತು.

ಅದೆಲ್ಲ ಆಮೇಲಿನ ಮಾತು. ಕೆಲಸ ಕಳೆದುಕೊಂಡು ಬರ್ನಿ ಹೊರಬಿದ್ದ ದಿನ, ಗೇನ್ಸ್ ಬಳಿ ಬರುತ್ತಿದ್ದ ಒಂಟಿ ಕಾಲಿನ ಡ್ಯೂಯಿ ಎಂಬ ಮಾಜಿ ಸೈನಿಕ ಊರುಗೋಲು ಹಿಡಿದು ಬಾಗಿಲಲ್ಲೇ ನಿಂತಿದ್ದ. "ಇನ್ನು ನಮಗೆ ಬರೆದುಕೊಡೋರು ಯಾರಮ್ಮ?" ಎಂದ. ಅವಳಿಗೆ ಅರ್ಜಿಯ ತಲೆಬುಡ ಗೊತ್ತಿರಲಿಲ್ಲ. ಅವನನ್ನು ಬಸ್ಸು ಹತ್ತಿಸಿಕೊಂಡು ಪಿಂಚಣಿಯ ಸರ್ಕಾರಿ ಕಚೇರಿಗೆ ಹೋದಳು. ಮಧ್ಯಾಹ್ನವೆಲ್ಲ ಕೂತರು. ಸಂಜೆ ಕಿಟಕಿ ಮುಚ್ಚುವಾಗ ಗುರುವಾರ ಬನ್ನಿ ಎಂದರು. ಬರ್ತೀವಿ ಎಂದಳು ಬರ್ನಿ. ಇಬ್ಬರೂ ಹಿಮ ತುಳಿಯುತ್ತಾ, ಬಸ್ಸು ನಿಲ್ಲುವಲ್ಲಿಗೆ ಮೆಲ್ಲಗೆ ನಡೆದರು.