ಉಲ್ಟಾ ತಿರುಗಿದ ಬ್ಲೋವರ್

ಬಿಸಿ ವಾರ್ನಿಷಿನ ವಾಸನೆ ಎಲ್ಲಿ ಬಂದರೂ ನನ್ನ ಕಾಲು ತಾನಾಗಿ ನಿಲ್ಲುತ್ತದೆ. ಹೈದರಾಬಾದಿನ ಮಣಿಕೊಂಡದ ನಮ್ಮ ಅಪಾರ್ಟ್‌ಮೆಂಟಿನ ಹಿಂದಿನ ರಸ್ತೆಯಲ್ಲಿ ಮೋಟಾರು ರಿಪೇರಿ ಅಂಗಡಿಯೊಂದಿದೆ. ತರಕಾರಿಗೆಂದು ಹೊರಟವಳು ಅದರ ಮುಂದೆ ಸುಮ್ಮನೆ ನಿಂತುಬಿಡುತ್ತೇನೆ. ಹೈದರಾಬಾದು ಆಂಧ್ರದ ರಾಜಧಾನಿಯಾಗಿದ್ದ ದಿನಗಳಲ್ಲಿ ಸನತ್‌ನಗರದ ನಮ್ಮ ಮನೆಯ ತುಂಬ ಇದೇ ವಾಸನೆ. ಅಪ್ಪನ ತಮ್ಮ, ನಮ್ಮ ಕಾಕಾ, ಪಡಸಾಲೆಯಲ್ಲಿ ಕೂತು ಸುಟ್ಟ ಮೋಟಾರುಗಳಿಗೆ ಹೊಸ ತಾಮ್ರದ ತಂತಿ ಸುತ್ತುತ್ತಿದ್ದ. ದುಡಿಯುತ್ತಿದ್ದ ಕಾರ್ಖಾನೆ ಮುಚ್ಚಿದ ಮೇಲೆ ಅವನಿಗೆ ಉಳಿದದ್ದು ಅದೊಂದೇ ಕೆಲಸ. ವಾರ್ನಿಷ್ ಕುಡಿದ ಸುರುಳಿಗಳು ಮಾಳಿಗೆಯ ಮೇಲೆ ಹಪ್ಪಳಗಳ ಪಕ್ಕದಲ್ಲೇ ಒಣಗುತ್ತಿದ್ದವು. ಆಯಿ, ಅಪ್ಪನ ತಾಯಿ, ಎರಡನ್ನೂ ಒಂದೇ ಕೋಲು ಹಿಡಿದು ಕಾಗೆಗಳಿಂದ ಕಾಯುತ್ತಿದ್ದಳು.

ಬೇಸಿಗೆಯಲ್ಲಿ ಮನೆ ತಂಪಾಗಿಸುವ ಕೂಲರಿನ ಗುಂಡಿಯಲ್ಲಿ ಮೂರು ವೇಗಗಳಿದ್ದರೂ ಒಳಗೆ ಮೋಟಾರು ಒಂದೇ ಎಂಬುದು ನನಗೆ ಬಗೆಹರಿಯದ ಒಗಟಾಗಿತ್ತು. ಕಾಕಾ ಸುರುಳಿಯನ್ನು ನನ್ನ ಮಡಿಲಲ್ಲಿಟ್ಟು ತೋರಿಸುತ್ತಿದ್ದ. ಅದರಿಂದ ನಡುನಡುವೆ ತಂತಿಗಳನ್ನು ಹೊರಗೆಳೆದಿರುತ್ತಾರೆ. ಕರೆಂಟು ಹೆಚ್ಚು ಸುತ್ತು ಹಾಯಬೇಕಾದಷ್ಟೂ ಅದರ ಜೋರು ತಗ್ಗುತ್ತದೆ, ಗಾಳಿಯೂ ಮೆಲ್ಲಗಾಗುತ್ತದೆ. ತಿರುಗುವ ದಿಕ್ಕಿನ ಲೆಕ್ಕ ಬೇರೆ. "ಓಡೂ ಸುರುಳಿ ಒಂದು, ನೂಕೂ ಸುರುಳಿ ಒಂದು. ನೂಕಾವ ಯಾವ ಕಡೆ ನೂಕ್ತಾನೋ ಆ ಕಡೇನ ತಿರಗತೈತಿ ನೋಡವ್ವಾ. ಅವನ ಎರಡು ತುದಿ ಅದಲುಬದಲು ಆದ್ವು ಅಂದ್ರ ಉಲ್ಟಾ," ಎನ್ನುತ್ತಿದ್ದ. ಕೂಲರಿನೊಳಗೆ ಗಾಳಿ ನೂಕುವ ಬ್ಲೋವರಿನ ಚಕ್ರ ಉಲ್ಟಾ ತಿರುಗಿದರೂ ಗಾಳಿ ಮುಂದಕ್ಕೇ ಬರುತ್ತದೆ, ಆದರೆ ಅದರಲ್ಲಿ ಕಸುವಿರುವುದಿಲ್ಲ. ಅದಕ್ಕೇ ಈ ತಪ್ಪು ಬೇಗ ಯಾರಿಗೂ ಗೊತ್ತಾಗುವುದಿಲ್ಲ.

ಒಂದು ಬೇಸಿಗೆ ಆಯಿ ಹಾಸಿಗೆ ಹಿಡಿದಳು. ಕಾಕಾ ಮನೆಯ ಕೂಲರಿನ ಮೋಟಾರಿಗೆ ಹೊಸದಾಗಿ ತಂತಿ ಸುತ್ತಿ ಕೂರಿಸಿದ. ಗುಂಯ್ ಎಂದು ಸದ್ದೇನೋ ಬಂತು, ಗಾಳಿ ಮಾತ್ರ ಮಂಚದ ತನಕ ಮುಟ್ಟಲಿಲ್ಲ. ಕೂಲರಿನ ಜಾಲರಿಗೆ ತುಂಬಿದ, ನೀರು ಹನಿಯುವ ಹುಲ್ಲು ಹಳೆಯದಾಗಿದೆ ಎಂದು ಕಾಕಾ ಹೊಸ ಹುಲ್ಲು ತುಂಬಿಸಿದ. ಆದರೂ ಅಷ್ಟೇ. ಕೊರಳ ತುಂಬ ಬೆವರಿಟ್ಟುಕೊಂಡು ಆಯಿ, "ಭಾಳ ತಂಪೈತಿ ಬಿಡೋ," ಎಂದಳು. ಕಾಕಾನ ಹೆಂಡತಿ ಕಾಕು ಗುಂಡಿ ಆರಿಸಿ, ಚಕ್ರ ನಿಲ್ಲುವುದನ್ನು ಬಗ್ಗಿ ನೋಡಿದಳು. ಅದು ಉಲ್ಟಾ ತಿರುಗುತ್ತಿತ್ತು. ಸಕ್ಕರೆ ಕಾಯಿಲೆ ಕಾಕಾನ ಕಣ್ಣು ತಿನ್ನತೊಡಗಿತ್ತು. ನೂಕುವ ಸುರುಳಿಯ ಎರಡು ತುದಿಗಳಿಗೆ ಗುರುತಿಗೆಂದು ತೊಡಿಸಿದ ನೀಲಿ ಕೊಳವೆ ಯಾವುದು, ಹಸಿರು ಯಾವುದು ಅವನಿಗೆ ತಿಳಿಯುತ್ತಿರಲಿಲ್ಲ. ಈ ಕೆಲಸವೂ ಕೈಬಿಟ್ಟರೆ ತಾನು ಯಾರಿಗೂ ಬೇಡವಾಗುತ್ತೇನೆಂದು ಹೆದರಿ ಯಾರಿಗೂ ಹೇಳಿರಲಿಲ್ಲ.

ನಮ್ಮ ಕಡೆಯ ಹೆಂಗಸರು ಮರೆಯಬಾರದ ಮಾತಿಗೆ ಸೆರಗಿನ ತುದಿಗೊಂದು ಗಂಟು ಹಾಕಿಕೊಳ್ಳುತ್ತಾರೆ. ಮಧ್ಯಾಹ್ನ ಊಟವಾದ ಮೇಲೆ ಕಾಕು ದಾರದುಂಡೆ ಹಿಡಿದು, ಮೋಟಾರನ್ನು ಮತ್ತೆ ಬಿಚ್ಚಿ ಕೂತಿದ್ದ ಕಾಕಾನ ಪಕ್ಕ ಕೂತಳು. "ಕೊಡ್ರಿ ಇಲ್ಲೆ. ಈ ತುದಿಗೆ ಒಂದು ಗಂಟು, ಆ ತುದಿಗೆ ಎರಡು ಹಾಕ್ತೀನಿ."

ಕಾಕಾ ತಂತಿ ಹಿಡಿಯುವ ಪಕ್ಕಡನ್ನು ನೆಲಕ್ಕೆ ಕುಕ್ಕಿದ. "ನನಗೇನ ಕಣ್ಣ ಕಾಣಂಗಿಲ್ಲೇನು?"

"ಕಾಣತಾವ್ರಿ. ನನಗ ಕಲೀಬೇಕಾಗೈತಿ."

ಕಾಕಾ ಪಕ್ಕಡನ್ನು ಎತ್ತಿ ಬದಿಗಿಟ್ಟ. ಆಮೇಲೆ ಮೋಟಾರನ್ನು ಅವಳ ಕಡೆ ಸರಿಸಿದ. ಸಂಜೆ ಹೊತ್ತಿಗೆ ಆಯಿಯ ನೆರೆಗೂದಲು ಹಾರುವಷ್ಟು ಗಾಳಿ ಬಂತು. ಆಯಿ ಗಾಳಿಯ ಸುದ್ದಿಯನ್ನೇ ಎತ್ತಲಿಲ್ಲ, ಸೊಸೆಯ ಕೈ ಹಿಡಿದುಕೊಂಡು ಹಾಗೇ ನಿದ್ದೆಹೋದಳು.

ಅಲ್ಲಿಂದ ಮುಂದೆ ಎಷ್ಟೋ ವರ್ಷ ಇಬ್ಬರೂ ಎದುರುಬದುರು ಕೂತು ಕೆಲಸ ಮಾಡಿದರು. ಅವಳು ಗಂಟು ಹಾಕುವಳು, ಅವನು ಹೆಬ್ಬೆರಳಿನಿಂದ ಗಂಟು ಹುಡುಕಿ ತಂತಿ ಜೋಡಿಸುವನು. ಮನೆಯಲ್ಲಿ ಯಾರೂ ಆ ಬಗ್ಗೆ ಬಾಯಿ ಬಿಡಲಿಲ್ಲ. ಆ ಮನೆಯ ಮೇಲಿನ ನನ್ನ ಪ್ರೀತಿಗೆ ಅದೊಂದೇ ಸಾಕು. ಆಯಿ ಹೋದಳು. ನಾವು ಬೇರೆಬೇರೆಯಾದೆವು. ಒಂದು ಮಳೆಗಾಲದ ಜ್ವರದಲ್ಲಿ ಕಾಕಾನಿಗಿಂತ ಮೊದಲು ಕಾಕುವೇ ಹೊರಟುಹೋದಳು.

ಆಮೇಲೆ ಕಾಕಾ ಒಂದು ಮೋಟಾರನ್ನೂ ಬಿಚ್ಚಲಿಲ್ಲ. ಯಾರಾದರೂ ಹೊತ್ತು ತಂದರೆ ಬಾಗಿಲಲ್ಲೇ, "ನಮ್ಮಾಕಿ ಇಲ್ಲರಿ," ಎನ್ನುತ್ತಿದ್ದ. ಹೊಸಬರು ಆಕೆ ಪೇಟೆಗೆ ಹೋಗಿರಬೇಕೆಂದುಕೊಂಡು, ಸಂಜೆ ಬರುತ್ತೇವೆ ಎನ್ನುತ್ತಿದ್ದರು. ಕಾಕಾ ಆಗಲಿ ಎಂದು ತಲೆಯಾಡಿಸುತ್ತಿದ್ದ.